ಕಳೆಯುವ ಲೆಕ್ಕ

ಕನ್ನಡ ಪಾಠ ಹೇಳುವವರಿಗೂ ಅಂಕಿಗಳಿಗೂ ಅಷ್ಟಾಗಿ ಸ್ನೇಹವಿಲ್ಲವೆಂಬುದು ಲೋಕದ ನಂಬಿಕೆ. ನನ್ನ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಒಮ್ಮೆ ತರಗತಿಯಲ್ಲಿ ಜನಪದ ಲಾವಣಿಗಳ ವಿಷಯ ಹೇಳುತ್ತಿದ್ದಾಗ ಬರಗಾಲದ ಹಾಡುಗಳ ಪ್ರಸ್ತಾಪ ಬಂದಿತು. ಆ ಸಂದರ್ಭದಲ್ಲಿ ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರದ ಹೆಸರೆತ್ತಿದೆ. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಆ ಬರದಲ್ಲಿ ಎಷ್ಟು ಜನ ಸತ್ತರು ಸಾರ್?” ಎಂದು ಕೇಳಿದಳು. “ಲಕ್ಷಾಂತರ ಜನ” ಎಂದೆ. “ಎಷ್ಟು ಲಕ್ಷ? ಎಣಿಸಿದವರು ಯಾರು?” ಎಂದಳು. ಅಷ್ಟರಲ್ಲಿ ಗಂಟೆ ಹೊಡೆದು ನನ್ನ ಮಾನ ಉಳಿಯಿತು. ಆದರೆ ಪ್ರಶ್ನೆ ಮಾತ್ರ ಮನೆಯವರೆಗೂ ಹಿಂಬಾಲಿಸಿ ಬಂದಿತು.

ಅದಕ್ಕೆ ಉತ್ತರ ಹುಡುಕಿಕೊಂಡು ಹೋದವನಿಗೆ ತಿಳಿದುದಿಷ್ಟು: ಆ ಬರದಲ್ಲಿ ಸತ್ತವರನ್ನು ಸರಿಯಾಗಿ ಎಣಿಸಿದವರು ಯಾರೂ ಇಲ್ಲ. ಆದರೂ ಅವರ ಲೆಕ್ಕ ನಮಗೆ ಸಿಕ್ಕಿದೆ. ಅದು ಸಿಕ್ಕಿದುದು ಕೂಡುವುದರಿಂದಲ್ಲ, ಕಳೆಯುವುದರಿಂದ.

ಹಳೆಯ ಕಾಗದಪತ್ರಗಳನ್ನು ಕಂಡವರಿಗೆ ‘ಖಾನೇಷುಮಾರಿ’ ಎಂಬ ಮಾತು ಹೊಸದಲ್ಲ. ಪಾರಸಿಯಿಂದ ಬಂದುದು, ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಮೈಸೂರು ಸೀಮೆಯಲ್ಲಿ ಶಾನುಭೋಗರು ತಮ್ಮ ತಮ್ಮ ಗ್ರಾಮದ ಮನೆ, ಜನ, ದನಕರುಗಳ ಲೆಕ್ಕವನ್ನು ಬರೆದು ಮೇಲಕ್ಕೆ ಕಳುಹಿಸುತ್ತಿದ್ದರು. ಮನೆಗೂ ಮಗ್ಗಕ್ಕೂ ಗಾಣಕ್ಕೂ ತೆರಿಗೆ ಇದ್ದ ಕಾಲವದು. ಬರೆಯುವವನು ಬಂದನೆಂದರೆ ಮಗ್ಗ ಅಟ್ಟ ಸೇರುವುದು, ದನ ಕಾಡು ಸೇರುವುದು ಸಹಜವೇ ಆಗಿದ್ದಿತು. ಹೀಗಾಗಿ ಆ ಲೆಕ್ಕಗಳಲ್ಲಿ ಊರು ಯಾವಾಗಲೂ ಇದ್ದುದಕ್ಕಿಂತ ಚಿಕ್ಕದಾಗಿಯೇ ಕಾಣುತ್ತದೆ. ಒಂದು ಅಂಕಿಯನ್ನು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ “ಇದು ಎಷ್ಟು?” ಎಂಬುದಲ್ಲ, “ಇದನ್ನು ಯಾರು ಯಾರಿಗಾಗಿ ಬರೆದರು?” ಎಂಬುದೆಂದು ಶಾನುಭೋಗರ ಕಡತವನ್ನು ಕಂಡ ಯಾರಿಗಾದರೂ ತಿಳಿಯುತ್ತದೆ.

ಮನೆ ಮನೆಗೆ ಹೋಗಿ ತಲೆ ಎಣಿಸುವ ಹೊಸ ಬಗೆಯ ಜನಗಣತಿ ಮೈಸೂರಿನಲ್ಲಿ ನಡೆದುದು 1871ರಲ್ಲಿ. ಆಗ ಸಂಸ್ಥಾನ ಇಂಗ್ಲಿಷ್ ಕಮಿಷನರರ ಕೈಯಲ್ಲಿದ್ದಿತು. ಬಂದ ಮೊತ್ತ 50,55,412. ಈ ಅಂಕಿಯನ್ನು ಬರೆದಿಟ್ಟವರಿಗೆ ಮುಂದೆ ಅದು ಯಾವ ಕೆಲಸಕ್ಕೆ ಬರುವುದೆಂಬ ಕಲ್ಪನೆ ಇದ್ದಿರಲಾರದು.

1875ರಲ್ಲಿ ಮಳೆ ಕೈಕೊಟ್ಟಿತು. 1876ರಲ್ಲಿ ಮುಂಗಾರೂ ಹಿಂಗಾರೂ ಎರಡೂ ಹೋದವು. ಪಂಚಾಂಗದ ಪ್ರಕಾರ ಅದು ಧಾತು ಸಂವತ್ಸರ, ಮರುವರ್ಷ ಈಶ್ವರ. ಕೆರೆಗಳು ಬತ್ತಿದವು, ರಾಗಿಯ ಹಗೇವುಗಳು ಬರಿದಾದವು. ಗಂಜಿಕೇಂದ್ರಗಳನ್ನು ತೆರೆದರು, ರಸ್ತೆ ಕೆಲಸ, ಕೆರೆ ಕೆಲಸಗಳನ್ನು ಹೂಡಿದರು. ಕಲ್ಲು ಒಡೆಯುವವನಿಗೆ ದಿನಕ್ಕೆ ಎಷ್ಟು ಕೊಟ್ಟರೆ ಅವನು ಬದುಕಿಯಾನು ಎಂಬ ಚರ್ಚೆಯೂ ಅಂಕಿಗಳ ಮೂಲಕವೇ ನಡೆಯಿತು. ವೈಸರಾಯರು ಕಳುಹಿಸಿದ ಸರ್ ರಿಚರ್ಡ್ ಟೆಂಪಲ್, ಕೂಲಿಯಾಳಿಗೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅರ್ಧ ಆಣೆ ಸಾಕೆಂದು 1877ರ ಆರಂಭದಲ್ಲಿ ಗೊತ್ತುಮಾಡಿದರು. ಒಂದು ಪೌಂಡೆಂದರೆ ಈಗಿನ ಅರ್ಧ ಕಿಲೋಗೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಕಟುವಾಗಿ ವಿರೋಧಿಸಿ, ಒಂದೂವರೆ ಪೌಂಡಿಗೆ ಕಡಿಮೆಯಾದರೆ ದುಡಿಯುವ ದೇಹ ಉಳಿಯದೆಂದು ವಾದಿಸಿದರು. ಇದೇ ಕಾರ್ನಿಷ್ 1871ರ ಮದರಾಸು ಜನಗಣತಿಯ ವರದಿಯನ್ನು ಬರೆದವರೆಂಬುದು ಗಮನಿಸತಕ್ಕ ಸಂಗತಿ. ಪ್ರಾಂತದಲ್ಲಿ ಎಷ್ಟು ಜನ ಇದ್ದಾರೆಂದು ಬಲ್ಲವರು ಅವರು. ಎಷ್ಟು ಜನ ಇಲ್ಲವಾಗುತ್ತಾರೆಂಬ ಅಂಜಿಕೆಯೂ ಅವರಿಗೇ ಹೆಚ್ಚಾಗಿದ್ದುದರಲ್ಲಿ ಆಶ್ಚರ್ಯವೇನು?

ಸಾವಿನ ದಾಖಲೆ ಇರಲಿಲ್ಲವೆ ಎಂದು ಓದುಗರು ಕೇಳಬಹುದು. ಇದ್ದಿತು. ಆದರೆ ಬರೆಯುವವನೇ ಊರು ಬಿಟ್ಟು ಹೋದ ಮೇಲೆ ಬರೆಯುವವರು ಯಾರು? ದಾರಿಯ ಬದಿಯಲ್ಲಿ, ಗಂಜಿಕೇಂದ್ರದ ಬಾಗಿಲಲ್ಲಿ ಬಿದ್ದ ಪರಸ್ಥಳದ ಹೆಣವನ್ನು ಯಾವ ಊರಿನ ಲೆಕ್ಕಕ್ಕೆ ಸೇರಿಸುವುದು? ಆ ದಾಖಲೆಗಳು ತೀರ ಅಪೂರ್ಣವೆಂಬುದನ್ನು ಅಂದಿನ ಅಧಿಕಾರಿಗಳೇ ಒಪ್ಪಿಕೊಂಡಿದ್ದರು.

ಆಮೇಲೆ ಬಂದಿತು 1881. ಆ ವರ್ಷದ ಫೆಬ್ರವರಿ 17ರ ರಾತ್ರಿ ಜನಗಣತಿ ನಡೆಯಿತು. ಐದು ವಾರಗಳ ಬಳಿಕ, ಮಾರ್ಚ್ 25ರಂದು, ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದರು. ಇತಿಹಾಸದ ಪುಸ್ತಕಗಳಲ್ಲಿ ಆ ಎರಡನೆಯ ದಿನದ ವೈಭವಕ್ಕೆ ಪುಟಗಳುಂಟು, ಮೊದಲನೆಯ ರಾತ್ರಿಗೆ ಒಂದು ಸಾಲು ಸಹ ಇಲ್ಲ. ಅರಸರ ಕೈಗೆ ಬಂದ ರಾಜ್ಯದಲ್ಲಿ ಎಂಬತ್ತು ಲಕ್ಷ ರೂಪಾಯಿ ಬರದ ಸಾಲವಿದ್ದಿತು, 41,86,188 ಜನರಿದ್ದರು.

ಐವತ್ತು ಲಕ್ಷದ ಐವತ್ತೈದು ಸಾವಿರದ ನಾನೂರ ಹನ್ನೆರಡರಲ್ಲಿ ಇದನ್ನು ಕಳೆದರೆ ಉಳಿಯುವುದು 8,69,224. ನೂರಕ್ಕೆ ಹದಿನೇಳಕ್ಕೂ ಮೇಲೆ. ಅಂದರೆ ಸರಾಸರಿ ಆರು ಜನರಿದ್ದ ಪ್ರತಿ ಮನೆಯಲ್ಲೂ ಒಬ್ಬರು ಇಲ್ಲ. ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಬರ ಬಾರದಿದ್ದರೆ ಜನ ಹೆಚ್ಚುತ್ತಿದ್ದರಷ್ಟೆ? ವರ್ಷಕ್ಕೆ ನೂರಕ್ಕೆ ಅರ್ಧದಂತೆ ಹೆಚ್ಚುತ್ತಿದ್ದರೆಂದು ಹಿಡಿದರೂ 1881ರಲ್ಲಿ ಇರಬೇಕಾಗಿದ್ದವರು ಐವತ್ತಮೂರು ಲಕ್ಷ. ಆಗ ಕೊರತೆ ಹನ್ನೊಂದು ಲಕ್ಷಕ್ಕೆ ಏರುತ್ತದೆ. ಇವರೆಲ್ಲರೂ ಸತ್ತವರೆಂದು ಹೇಳಲಾಗದು. ಕೆಲವರು ಕಾಫಿ ತೋಟಗಳಿಗೆ, ಘಟ್ಟದ ಕೆಳಗಿನ ಸೀಮೆಗೆ ಹೋದವರು. ಕೆಲವರು ಹುಟ್ಟಬೇಕಾಗಿದ್ದು ಹುಟ್ಟದೆಯೇ ಹೋದವರು. ಕಳೆಯುವ ಲೆಕ್ಕ ‘ಇಲ್ಲ’ ಎಂಬುದನ್ನು ಮಾತ್ರ ಹೇಳುತ್ತದೆ, ಏಕೆ ಇಲ್ಲವೆಂಬುದನ್ನು ನಾವು ಬೇರೆ ಕಡೆಯಿಂದ ತಿಳಿಯಬೇಕು. ಆದರೂ ಕಳೆದುಹೋದವರನ್ನು ಕಾಣುವುದಕ್ಕೆ ಕಳೆಯುವುದೇ ದಾರಿಯಾಯಿತು. ಕನ್ನಡದಲ್ಲಿ ಎರಡಕ್ಕೂ ಒಂದೇ ಧಾತು ಇರುವುದು ಭಾಷೆಯ ವಿವೇಕವೋ ಆಕಸ್ಮಿಕವೋ ನಾನರಿಯೆ.

ಇಲ್ಲಿಗೆ ಬಿಟ್ಟಿದ್ದರೆ ಕಥೆ ಸುಲಭವಾಗುತ್ತಿದ್ದಿತು. ಹತ್ತು ವರ್ಷ ಕಳೆದು 1891ರ ಗಣತಿಯನ್ನು ನೋಡಿ: 49,43,604. ಹತ್ತು ವರ್ಷದಲ್ಲಿ ನೂರಕ್ಕೆ ಹದಿನೆಂಟರ ಏರಿಕೆ! 1881ರಿಂದ ಓದಲು ಆರಂಭಿಸಿದವನಿಗೆ ಇದು ಅದ್ಭುತವಾದ ಪ್ರಗತಿಯಾಗಿ ಕಾಣದೆ ಇರದು. ಸುಭಿಕ್ಷ, ಸದಾಡಳಿತ ಎಂದು ಭಾಷಣ ಮಾಡುವುದಕ್ಕೂ ಸಾಕು. 1871ರಿಂದ ಓದುವವನಿಗೆ ಮಾತ್ರ ಅದು ಬೇರೆಯಾಗಿ ಕಾಣುತ್ತದೆ. ಇಪ್ಪತ್ತು ವರ್ಷ ಕಳೆದರೂ ಹಳೆಯ ಸಂಖ್ಯೆಗೆ ಇನ್ನೂ ಒಂದು ಲಕ್ಷಕ್ಕಿಂತ ಹೆಚ್ಚು ಕೊರತೆ. ಅಂಕಿ ಎರಡು ಕಡೆಯೂ ಒಂದೇ, ಸುಳ್ಳೂ ಅಲ್ಲ. ಎಣಿಕೆ ಎಲ್ಲಿಂದ ಶುರು ಎಂಬುದರಲ್ಲಿದೆ ಗುಟ್ಟು. 1901ರಲ್ಲಿ 55,39,399 ಆದಾಗ ಮಾತ್ರ ಸಂಸ್ಥಾನ ಬರದ ಹಳ್ಳವನ್ನು ದಾಟಿತೆನ್ನಬೇಕು.

ಇದು ಹಳೆಯ ಕಾಲದ ಮಾತೆಂದು ಬದಿಗಿಡುವಂತಿಲ್ಲ. ಕೋವಿಡ್ ಬಂದ 2020-21ರಲ್ಲಿ ದೇಶದ ಉತ್ಪನ್ನ, 2011-12ನ್ನು ಮೂಲವರ್ಷವಾಗಿ ಹಿಡಿದ ಲೆಕ್ಕದಂತೆ, ನೂರಕ್ಕೆ 5.8ರಷ್ಟು ಕುಸಿಯಿತು. ಮರುವರ್ಷ 9.7ರಷ್ಟು ಏರಿತು. ಮರುವರ್ಷದ ಅಂಕಿಯನ್ನು ಮಾತ್ರ ದೊಡ್ಡಕ್ಷರದಲ್ಲಿ ಹಾಕಿದರೆ ಹಬ್ಬ. ಎರಡನ್ನೂ ಸೇರಿಸಿ ಗುಣಿಸಿ ನೋಡಿದರೆ ಎರಡು ವರ್ಷಕ್ಕೆ ಕೂಡಿ ಬೆಳೆದುದು ಸುಮಾರು 3.3 ಮಾತ್ರ. ಬಾವಿಗೆ ಬಿದ್ದವನು ಮೇಲಕ್ಕೆ ಬಂದ ಎತ್ತರವನ್ನು ನೆಲದಿಂದ ಅಳೆಯಬೇಕೇ ಹೊರತು ಬಾವಿಯ ತಳದಿಂದಲ್ಲ.

ಬರದ ಹಿಂದೆಯೇ ಇನ್ನೊಂದು ಅಂಕಿಯ ಜಗಳ ದೇಶದಲ್ಲಿ ಎದ್ದಿತು. ದಾದಾಭಾಯಿ ನವರೋಜಿಯವರು ಸರ್ಕಾರದ್ದೇ ವರದಿಗಳನ್ನು ಗುಡ್ಡೆಹಾಕಿಕೊಂಡು ಕುಳಿತು, 1867-68ರ ಸುಮಾರಿಗೆ ಹಿಂದೂಸ್ಥಾನದ ತಲಾ ವರಮಾನ ವರ್ಷಕ್ಕೆ ಇಪ್ಪತ್ತು ರೂಪಾಯಿ ಎಂದು ಲೆಕ್ಕ ಹಾಕಿದರು. 1882ರಲ್ಲಿ ಹಣಕಾಸಿನ ಅಧಿಕಾರಿ ಬೇರಿಂಗ್ ಇಪ್ಪತ್ತೇಳು ಎಂದರು. 1901ರಲ್ಲಿ ಕರ್ಜನ್ ಮೂವತ್ತು ಎಂದರು. ಬರದ ಚರಿತ್ರೆಯನ್ನು ಬರೆದ ವಿಲಿಯಂ ಡಿಗ್ಬಿ ಇವರಿಬ್ಬರನ್ನೂ ಅಲ್ಲಗಳೆದು ಇಪ್ಪತ್ತಕ್ಕೂ ಕೆಳಗೆ ಇಳಿಸಿದರು. ನವರೋಜಿಯವರ ನಿಜವಾದ ಪೆಟ್ಟು ಇಪ್ಪತ್ತು ಎಂಬ ಸಂಖ್ಯೆಯಲ್ಲಿರಲಿಲ್ಲ. ಅದರ ಪಕ್ಕದಲ್ಲಿ ಅವರು ಜೈಲಿನ ಲೆಕ್ಕವನ್ನಿಟ್ಟರು. ಕಳ್ಳನೊಬ್ಬನಿಗೆ ಅನ್ನ ಬಟ್ಟೆ ಕೊಡುವುದಕ್ಕೆ ಸರ್ಕಾರವೇ ಖರ್ಚು ಮಾಡುವ ಹಣ ಕಳ್ಳತನ ಮಾಡದವನ ವರಮಾನಕ್ಕಿಂತ ಹೆಚ್ಚಾಗಿದ್ದಿತು. ಅದೂ ಸರಾಸರಿ ವರಮಾನ. ಸಾಹುಕಾರನದನ್ನೂ ಕೂಲಿಯವನದನ್ನೂ ಕಲಸಿ ಹಂಚಿದ್ದು. ಒಂದು ಅಂಕಿ ಒಂಟಿಯಾಗಿದ್ದಾಗ ಮೂಕ, ಪಕ್ಕದಲ್ಲಿ ಇನ್ನೊಂದು ಕುಳಿತಾಗ ಮಾತನಾಡುತ್ತದೆ.

ಈ ಕಲೆಯ ಬಹು ಸೊಗಸಾದ ಉದಾಹರಣೆಯನ್ನು ಹೇಳಿದವರು ನಮ್ಮ ನಾಡಿನಲ್ಲಿ ಹುಟ್ಟಿದವರೇ. ಹೂವಿನ ಹಡಗಲಿಯಲ್ಲಿ 1920ರಲ್ಲಿ, ತೆಲುಗು ಮಾತನಾಡುವ ಮನೆಯಲ್ಲಿ ಹುಟ್ಟಿದ ಸಿ.ಆರ್. ರಾವ್ ಜಗತ್ತಿನ ಸಂಖ್ಯಾಶಾಸ್ತ್ರಜ್ಞರಲ್ಲಿ ಮೊದಲ ಪಂಕ್ತಿಯವರು. 2023ರಲ್ಲಿ, ನೂರೆರಡು ವರ್ಷ ವಯಸ್ಸಿನಲ್ಲಿ, ತೀರಿಕೊಂಡರು. ಅವರು ಬರೆದಿಟ್ಟಿರುವ ಸಂಗತಿ ಇದು. 1947ರಲ್ಲಿ ದೆಹಲಿಯಲ್ಲಿ ಗಲಭೆ. ಪ್ರಾಣಭಯದಿಂದ ಓಡಿಬಂದವರು ಕೆಂಪುಕೋಟೆಯಲ್ಲಿ ಆಶ್ರಯ ಪಡೆದಿದ್ದರು. ಅವರಿಗೆ ಊಟ ಒದಗಿಸುವ ಗುತ್ತಿಗೆದಾರರು ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಉಪ್ಪು ಎಂದು ಪಟ್ಟಿ ತಂದಿಡುತ್ತಿದ್ದರು, ಸರ್ಕಾರ ಹಣ ಕೊಡುತ್ತಿದ್ದಿತು. ಖರ್ಚು ಏರುತ್ತಲೇ ಹೋಯಿತು. ಒಳಗೆ ಎಷ್ಟು ಜನರಿದ್ದಾರೆಂಬುದು ಯಾರಿಗೂ ತಿಳಿಯದು, ಒಳಗೆ ಹೋಗಿ ಎಣಿಸುವ ಪರಿಸ್ಥಿತಿಯೂ ಇಲ್ಲ.

ಕೆಲಸ ಸಂಖ್ಯಾಶಾಸ್ತ್ರಜ್ಞರ ಕೈಗೆ ಬಂದಿತು. ಜೆ.ಎಂ. ಸೇನ್‌ಗುಪ್ತ ಎಂಬವರು ಉಪಾಯ ಸೂಚಿಸಿದರು. ಒಬ್ಬನಿಗೆ ದಿನಕ್ಕೆ ಬೇಕಾಗುವ ಅಕ್ಕಿ ಎಷ್ಟೆಂಬುದು ಗೊತ್ತು; ಪಟ್ಟಿಯಲ್ಲಿದ್ದ ಅಕ್ಕಿಯನ್ನು ಅದರಿಂದ ಭಾಗಿಸಿದರೆ ಜನರ ಸಂಖ್ಯೆ ಬರುತ್ತದೆ. ಬೇಳೆಯಿಂದ ಭಾಗಿಸಿದರೂ ಬರಬೇಕು, ಉಪ್ಪಿನಿಂದ ಭಾಗಿಸಿದರೂ ಬರಬೇಕು. ಬಂದುದು ಮೂರು ಬೇರೆ ಬೇರೆ ಸಂಖ್ಯೆಗಳು! ಅಕ್ಕಿಯ ಲೆಕ್ಕದಲ್ಲಿ ಜನ ಅತಿ ಹೆಚ್ಚು, ಉಪ್ಪಿನ ಲೆಕ್ಕದಲ್ಲಿ ಅತಿ ಕಡಿಮೆ. ಅಕ್ಕಿ ತುಟ್ಟಿ, ಸುಳ್ಳು ಬರೆದರೆ ಲಾಭವುಂಟು. ಉಪ್ಪು ಅಗ್ಗ, ಸುಳ್ಳು ಬರೆದು ದಕ್ಕುವುದೇನೂ ಇಲ್ಲ. ಆದುದರಿಂದ ಉಪ್ಪು ಹೇಳಿದುದೇ ನಿಜಕ್ಕೆ ಹತ್ತಿರವೆಂದು ಅವರು ತೀರ್ಮಾನಿಸಿದರು. ಹುಮಾಯೂನನ ಗೋರಿಯ ಬಳಿಯಿದ್ದ ಚಿಕ್ಕ ಶಿಬಿರದಲ್ಲಿ ಇದೇ ಉಪಾಯವನ್ನು ಪರೀಕ್ಷಿಸಿದಾಗ ಫಲ ಸರಿಯಾಗಿಯೇ ಬಂದಿತಂತೆ. ನಮ್ಮ ಹಳೆಯ ಶಾನುಭೋಗರು ಇದನ್ನು ಕೇಳಿದ್ದರೆ ಮೀಸೆಯಲ್ಲೇ ನಗುತ್ತಿದ್ದರೋ ಏನೋ. ಯಾವ ಕಲಮಿನಲ್ಲಿ ಸುಳ್ಳು ಸೇರುತ್ತದೆ, ಯಾವುದರಲ್ಲಿ ಸೇರದು ಎಂಬುದು ಅವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ.

ಎಲ್ಲರನ್ನೂ ಎಣಿಸದೆ ಎಲ್ಲರ ವಿಷಯ ತಿಳಿಯುವ ಈ ವಿದ್ಯೆಯನ್ನು ದೇಶದ ಮಟ್ಟಕ್ಕೆ ಏರಿಸಿದವರು ಪ್ರಶಾಂತಚಂದ್ರ ಮಹಾಲನೊಬಿಸ್. ಅವರ ಪ್ರಯತ್ನದಿಂದ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಅನ್ನ ಬೆಂದಿತೇ ಎಂದು ತಿಳಿಯಲು ನಮ್ಮ ತಾಯಂದಿರು ಒಂದು ಅಗುಳನ್ನು ಹಿಚುಕಿ ನೋಡುತ್ತಾರಷ್ಟೆ? ತತ್ವ ಅದೇ. ಆದರೆ ಸೌಟು ಹಾಕಿ ತಿರುವದೆ ಮೇಲಿನ ಅಗುಳನ್ನು ಹಿಚುಕಿದರೆ ತಳ ಹತ್ತಿರುವುದು ಗೊತ್ತಾಗುವುದಿಲ್ಲ. ಸಮೀಕ್ಷೆಗೆ ಹಳ್ಳಿಗಳನ್ನು ಆರಿಸುವುದು ಜನಗಣತಿಯ ಪಟ್ಟಿಯಿಂದ; ಆ ಪಟ್ಟಿ ಹಳಸಿದರೆ ಪಾತ್ರೆಯನ್ನು ತಿರುವಿದಂತಾಗುವುದಿಲ್ಲ.

ಈ ಸಮೀಕ್ಷೆಗಳು ಇಂದಿನ ಬಾಳಿನ ಬಗ್ಗೆ ಹೇಳುವುದು ಸ್ವಾರಸ್ಯವಾಗಿದೆ. 1999-2000ದಲ್ಲಿ ಹಳ್ಳಿಯ ಸಂಸಾರ ನೂರು ರೂಪಾಯಿ ಖರ್ಚಿನಲ್ಲಿ 59 ರೂಪಾಯಿಗೂ ಮೇಲೆ ಊಟಕ್ಕೇ ಹಾಕುತ್ತಿದ್ದಿತು. ಅದರಲ್ಲಿ ಅಕ್ಕಿ, ಗೋಧಿ, ರಾಗಿ, ಜೋಳಗಳಿಗೇ 22. 2022-23ರಲ್ಲಿ ಊಟದ ಪಾಲು 46ಕ್ಕೆ ಇಳಿಯಿತು, ಧಾನ್ಯದ ಪಾಲು 5ಕ್ಕೂ ಕೆಳಗೆ. ಸಂಸಾರ ಸ್ಥಿತಿವಂತವಾದಂತೆಲ್ಲ ಊಟದ ಪಾಲು ಇಳಿಯುತ್ತದೆಂಬುದು ಜರ್ಮನಿಯ ಎಂಗೆಲ್ ಎಂಬವರು 1857ರಲ್ಲೇ ಕಂಡ ನಿಯಮ. ಹಾಗಾದರೆ ಹಳ್ಳಿ ಸ್ಥಿತಿವಂತವಾಯಿತೆ? ಸ್ವಲ್ಪ ಆಗಿದೆ, ಹಾಲು, ಮೊಟ್ಟೆ, ಹಣ್ಣು ಮೊದಲಿಗಿಂತ ಹೆಚ್ಚು ಕೊಳ್ಳುತ್ತಾರೆ. ಅಂಗಡಿಯ ಕುರುಕಲು, ಪಾನೀಯ, ಸಿದ್ಧ ತಿಂಡಿಗಳಿಗೆ ಹಾಲಿಗಿಂತಲೂ ಹೆಚ್ಚು ಹೋಗುತ್ತದೆ ಎಂಬುದನ್ನು ಏಳಿಗೆಯ ಗುರುತೆನ್ನಬೇಕೋ ಬೇರೇನೆನ್ನಬೇಕೋ ವೈದ್ಯರು ಹೇಳಲಿ. ಅಲ್ಲದೆ ನ್ಯಾಯಬೆಲೆ ಅಂಗಡಿಯಿಂದ ಪುಕ್ಕಟೆ ಬಂದ ಅಕ್ಕಿಗೆ ಮನೆಯವರು ದುಡ್ಡು ಕೊಟ್ಟಿಲ್ಲವಾದುದರಿಂದ ಅದು ಈ ಖರ್ಚಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅನ್ನ ತಟ್ಟೆಯಲ್ಲಿದೆ, ಅಂಕಿಯಲ್ಲಿಲ್ಲ. ಇದಕ್ಕೆ ಮೊದಲು 2017-18ರಲ್ಲಿ ನಡೆದ ಇಂಥದೇ ಸಮೀಕ್ಷೆಯ ಫಲವನ್ನು, ಅಂಕಿಗಳ ಗುಣಮಟ್ಟ ಸರಿಯಿಲ್ಲವೆಂದು ಹೇಳಿ, ಸರ್ಕಾರ ಪ್ರಕಟಿಸಲಿಲ್ಲ. ಸರಿಯಿಲ್ಲದ ಅಂಕಿಯನ್ನು ಸರಿಯಿಲ್ಲವೆಂಬ ಟಿಪ್ಪಣಿಯೊಡನೆ ಕೊಟ್ಟಿದ್ದರೆ ಉಪ್ಪಿನ ಉಪಾಯ ಬಲ್ಲವರು ಅದರಿಂದಲೂ ಏನನ್ನಾದರೂ ತೆಗೆಯುತ್ತಿದ್ದರು ಎಂಬುದು ನನ್ನ ಅಭಿಪ್ರಾಯ.

ಮತ್ತೆ ಕಳೆಯುವ ಲೆಕ್ಕಕ್ಕೆ ಬರೋಣ. 1990ರಲ್ಲಿ ಅಮರ್ತ್ಯ ಸೇನ್ ಅವರು ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಹೆಂಗಸರು ‘ಕಾಣೆಯಾಗಿದ್ದಾರೆ’ ಎಂದು ಬರೆದಾಗ ಮಾಡಿದುದು ಇದನ್ನೇ. ಗಂಡಸರಿಗೆ ತಕ್ಕಂತೆ ಇರಬೇಕಾಗಿದ್ದ ಹೆಂಗಸರ ಸಂಖ್ಯೆಯಲ್ಲಿ ಇರುವವರನ್ನು ಕಳೆದರು. ನಮ್ಮ ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳು, 2001ರಲ್ಲಿ 927, 2011ರಲ್ಲಿ 918. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು ಬಂದುದು 1994ರಲ್ಲಿ. ಆ ಕೋಣೆಗಳಲ್ಲಿ ನಡೆದುದಕ್ಕೆ ಸಾಕ್ಷಿಯಿಲ್ಲ, ದೂರು ಕೊಡುವವರಿಲ್ಲ. ಹತ್ತು ವರ್ಷಕ್ಕೊಮ್ಮೆ ಬರುವ ಮೇಷ್ಟರ ಪಟ್ಟಿಯೊಂದೇ ಅದನ್ನು ಬಯಲಿಗೆ ತಂದುದು.

ಇನ್ನು ಕೋವಿಡ್. ದೇಶದಲ್ಲಿ ನೋಂದಣಿಯಾದ ಸಾವುಗಳು 2019ರಲ್ಲಿ 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ ಒಂದು ಕೋಟಿ ಎರಡು ಲಕ್ಷ. ಒಂದೇ ವರ್ಷದಲ್ಲಿ ಇಪ್ಪತ್ತು ಲಕ್ಷಕ್ಕೂ ಮೀರಿದ ಏರಿಕೆ. ಆ ವರ್ಷ ಕೋವಿಡ್‌ನಿಂದ ಎಂದು ಸರ್ಕಾರ ಎಣಿಸಿದುದು ಮೂರು ಲಕ್ಷದ ಮೂವತ್ತು ಸಾವಿರದಷ್ಟು. ನೋಂದಣಿಯೇ ಮೊದಲಿಗಿಂತ ಚೆನ್ನಾಗಿ ನಡೆದುದರಿಂದ ಏರಿಕೆಯ ಒಂದು ಪಾಲು ಬಂದಿರಬಹುದು. ಎರಡು ವರ್ಷಕ್ಕೆ ಸೇರಿ ನಲವತ್ತೇಳು ಲಕ್ಷ ಹೆಚ್ಚುವರಿ ಸಾವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿದಾಗ ನಮ್ಮ ಸರ್ಕಾರ ಆ ವಿಧಾನವನ್ನೇ ಒಪ್ಪಲಿಲ್ಲ. 2021ರ ನೋಂದಣಿಯ ಅಂಕಿಗಳು ಹೊರಬಂದುದು 2025ರಲ್ಲಿ. ಧಾತು ಈಶ್ವರದ ಬರವಾದ ಮೇಲೆ ಮೈಸೂರಿನವರು ಲೆಕ್ಕ ತಿಳಿಯಲು ಕಾದುದೂ ಹೆಚ್ಚು ಕಡಿಮೆ ನಾಲ್ಕೇ ವರ್ಷ!

ಆ ಬಾರಿ ಬರವಾದ ಮೇಲೆ ಗಣತಿಯಾದರೂ ತಪ್ಪದೆ ನಡೆದಿತ್ತು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ ಸಹ, ಕಾಗದಕ್ಕೂ ಹಣಕ್ಕೂ ಕೊರತೆಯಿದ್ದರೂ, ತಲೆ ಎಣಿಸುವುದನ್ನು ಬಿಡಲಿಲ್ಲ. 2021ರದು ಮಾತ್ರ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಎಣಿಕೆಯ ದಿನವೆಂದು 2025ರಲ್ಲಿ ಗೊತ್ತುಪಡಿಸಿದರು. ನಡುವಿನ ಕಾಲ ಹದಿನಾರು ವರ್ಷ. ಆಹಾರ ಭದ್ರತೆಯ ಕಾನೂನಿನಂತೆ ಎಷ್ಟು ಜನರಿಗೆ ಪಡಿತರವೆಂಬ ಮಿತಿಯನ್ನು 2011ರ ಜನಸಂಖ್ಯೆಯ ಮೇಲೆ, ದೇಶಕ್ಕೆಲ್ಲ ಸುಮಾರು 81 ಕೋಟಿ ಎಂದು, ಕಟ್ಟಿದರು. ಆಮೇಲೆ ಜನ ಹೆಚ್ಚಿದಂತೆ ಆ ಮಿತಿ ಹೆಚ್ಚಲಿಲ್ಲ. ಬರದ ಕಾಲದಲ್ಲಿ ಎಣಿಕೆಗೆ ಸಿಕ್ಕದೆ ಹೋದವರು ಸತ್ತವರು. ಇಲ್ಲಿ ಎಣಿಕೆಗೆ ಸಿಕ್ಕದಿರುವವರು ಬದುಕಿರುವವರು.

ಆ ವಿದ್ಯಾರ್ಥಿನಿಗೆ ಮುಂದಿನ ತರಗತಿಯಲ್ಲಿ 8,69,224 ಎಂಬ ಉತ್ತರವನ್ನೂ ಅದರ ಹಿಂದಿನ ಅನುಮಾನಗಳನ್ನೂ ಹೇಳಿದೆ. ಅವಳು ಬರೆದುಕೊಂಡು, “ಊರು ಊರೇ ಖಾಲಿಯಾದದ್ದು ಉಂಟೇ ಸಾರ್?” ಎಂದಳು. ಕಂದಾಯದ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತಿದೆ. ಇದೂ ಪಾರಸಿಯದೇ, ಚಿರಾಗ್ ಎಂದರೆ ದೀಪ, ಬೇಚರಾಕ್ ಎಂದರೆ ದೀಪ ಹಚ್ಚುವವರಿಲ್ಲದ ಊರು. ಬರದಿಂದ ಹಾಗಾದುವು ಕೆಲವು, ಪ್ಲೇಗಿನಿಂದ ಕೆಲವು, ಕೆರೆ ಒಡೆದೋ ಅಣೆಕಟ್ಟೆಯ ನೀರು ನಿಂತೋ ಕೆಲವು. 2011ರ ಗಣತಿಯಲ್ಲಿ ಕರ್ನಾಟಕದ 29,340 ಗ್ರಾಮಗಳ ಪೈಕಿ ಜನವಸತಿಯಿದ್ದುವು 27,397. ಉಳಿದವನ್ನು ಪಟ್ಟಿಯಿಂದ ತೆಗೆದುಹಾಕಿಲ್ಲ. ಒಂದೊಂದಕ್ಕೂ ಅದರ ಹೆಸರಿದೆ, ಎಲ್ಲೆಯಿದೆ, ಕ್ರಮಸಂಖ್ಯೆಯಿದೆ. ಜನರ ಕಲಮಿನಲ್ಲಿ ಸೊನ್ನೆ ಇದೆ.